ಹೆರಿಗೆಗೆ ಯಾವ ದವಾಖಾನೆ? ಬ್ಯಾನಿ ಬರುವ ಮೊದಲೇ ಮುಗಿಯಬೇಕಾದ ವಿಚಾರ

(ಧಾರವಾಡ ತಾಲೂಕಿನ ಹೆಬ್ಬಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ತಾಯಿಯ ಹೆಸರಿನಲ್ಲಿ ದತ್ತಿ ಇಟ್ಟು, ಅದರ ಉಪನ್ಯಾಸ ಊರಿನಲ್ಲೇ ಆಗಬೇಕು, ಹೆಣ್ಣುಮಕ್ಕಳಿಗೆ ಉಪಯೋಗವಾಗುವ ವಿಷಯದ ಮೇಲೆ ಆಗಬೇಕು ಎಂದು ಬಯಸಿದ ಕುಟುಂಬಕ್ಕೆ ಮೊದಲು ನಮಸ್ಕಾರ. ದತ್ತಿ ಉಪನ್ಯಾಸ ಧಾರವಾಡದ ಮಣ್ಣಿಗೆ ಹೊಸದಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಈ ಪರಂಪರೆಯನ್ನು ಬೆಳೆಸಿಕೊಂಡು ಬಂದಿದೆ. ಸಾಹಿತ್ಯ, ಇತಿಹಾಸ, ಸಂಗೀತ ಕುರಿತು ಅಲ್ಲಿ ಎಷ್ಟೋ ಒಳ್ಳೆಯ ಮಾತುಗಳು ಬಂದಿವೆ. ಹೆರಿಗೆಯ ಬಗ್ಗೆ ಮಾತ್ರ ನಾವು ವೇದಿಕೆ ಹತ್ತಿ ಮಾತಾಡುವುದು ಕಡಿಮೆ. ಅದು ಅಡುಗೆಮನೆಯ ಮಾತು, ಹೆಂಗಸರ ಮಾತು ಎಂದು ಬಿಟ್ಟುಬಿಟ್ಟಿದ್ದೇವೆ. ಆದರೆ ಒಂದು ಮನೆಯಲ್ಲಿ ಎರಡು ಜೀವಗಳು ಒಂದೇ ರಾತ್ರಿ ಪಣಕ್ಕೆ ಬೀಳುವ ಸಂದರ್ಭ ಇದೊಂದೇ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಈ ಭಾಗದ ಹೆರಿಗೆ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಿಯಾದವಳು ನಾನು. ಕೆಲಸದಲ್ಲಿದ್ದಾಗಲೂ ಈಗಲೂ ಜನ ನನ್ನನ್ನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಒಂದೇ: "ಸಿಸ್ಟರ್, ಮಗಳನ್ನ ಹಡೀಲಿಕ್ಕೆ ಯಾವ ದವಾಖಾನಿಗೆ ಒಯ್ಯೂಣ್ರಿ? ಯಾವ್ದು ಚಲೋ ಐತಿ?" ಈ ಪ್ರಶ್ನೆಗೆ ಒಂದು ದವಾಖಾನೆಯ ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ಆ ಉತ್ತರ ಸರಿಯಲ್ಲ. ಎಲ್ಲ ಗರ್ಭಿಣಿಯರಿಗೂ ಒಪ್ಪುವ ಒಂದು ದವಾಖಾನೆ ಎಲ್ಲಿಯೂ ಇಲ್ಲ. ಇವಳಿಗೆ, ಈ ಬಸುರಿಗೆ, ಈ ಊರಿನಿಂದ ಹೋಗುವಾಗ ಯಾವುದು ಸರಿ ಎಂಬುದನ್ನು ನೋಡಬೇಕು. ಆ ವಿಚಾರ ಬ್ಯಾನಿ ಶುರುವಾಗುವ ಮೊದಲೇ ಮುಗಿದಿರಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ತವರಿನ ಬಾಣಂತನ

ನಮ್ಮ ಕಡೆ ಚೊಚ್ಚಲ ಬಾಣಂತನ ತವರುಮನೆಯದು. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಮಗಳನ್ನು ಕರೆತರುತ್ತೇವೆ. ಇದು ಒಳ್ಳೆಯ ಪದ್ಧತಿ. ಹೆದರಿದ ಹುಡುಗಿಗೆ ತಾಯಿಯ ಕೈ ಬೇಕು, ಆ ದಿನಗಳಲ್ಲಿ ದುಡಿಮೆಯಿಂದ ಬಿಡುವೂ ಬೇಕು. ಆದರೆ ಈ ಪದ್ಧತಿಯೊಳಗೆ ಒಂದು ತೊಡಕಿದೆ, ಅದನ್ನು ನಾವು ಗಮನಿಸುವುದಿಲ್ಲ.

ನವಲಗುಂದಕ್ಕೋ ಸವದತ್ತಿಗೋ ಕೊಟ್ಟ ಮಗಳು ಮೊದಲ ಆರೇಳು ತಿಂಗಳು ಅಲ್ಲಿಯ ಡಾಕ್ಟರ ಹತ್ತಿರ ತೋರಿಸಿರುತ್ತಾಳೆ. ಬಿ.ಪಿ. ಎಷ್ಟಿತ್ತು, ರಕ್ತ ಎಷ್ಟಿತ್ತು, ಸ್ಕ್ಯಾನಿಂಗ್‌ನಲ್ಲಿ ಏನು ಕಂಡಿತ್ತು ಎಂಬುದು ಗೊತ್ತಿರುವುದು ಅವರಿಗೆ. ಹೆರಿಗೆ ಮಾಡಿಸುವವರು ಇಲ್ಲಿಯವರು, ಅವಳನ್ನು ಮೊದಲ ಸಲ ನೋಡುವವರು. ಈ ಇಬ್ಬರ ನಡುವೆ ಸುದ್ದಿ ತರುವುದು ಒಂದೇ ವಸ್ತು: ತಾಯಿ ಕಾರ್ಡ್. ಅದರಲ್ಲಿ ತೂಕ, ಬಿ.ಪಿ., ಹಿಮೋಗ್ಲೋಬಿನ್, ರಕ್ತದ ಗುಂಪು, ಧನುರ್ವಾಯು ಇಂಜೆಕ್ಷನ್, ಹೆರಿಗೆಯ ಅಂದಾಜು ದಿನ ಎಲ್ಲವೂ ಬರೆದಿರುತ್ತದೆ. ಕುಬಸದ ಸೀರೆ, ಬಳೆ, ಬುತ್ತಿ ಎಲ್ಲ ನೆನಪಿನಿಂದ ತರುತ್ತೇವೆ. ಕಾರ್ಡು ಮಾತ್ರ ಅತ್ತೆಯ ಮನೆಯ ಟ್ರಂಕಿನಲ್ಲೇ ಉಳಿದುಬಿಡುತ್ತದೆ. ಮಧ್ಯರಾತ್ರಿ ವಾರ್ಡಿಗೆ ಬಂದ ಹುಡುಗಿಯ ರಕ್ತದ ಗುಂಪು ಕೇಳಿದರೆ ತಾಯಿ ತಂದೆಯ ಮುಖ, ತಂದೆ ತಾಯಿಯ ಮುಖ ನೋಡುತ್ತಾರೆ. ಆ ರಾತ್ರಿ ಗುಂಪು ಹೊಸದಾಗಿ ಪರೀಕ್ಷೆ ಮಾಡಿಯೇ ರಕ್ತ ಕೊಡುತ್ತಾರೆ, ನಿಜ. ಆದರೆ ಅದು ಆರ್‌.ಎಚ್. ನೆಗೆಟಿವ್ ಎಂದು ಮೊದಲೇ ತಿಳಿದಿದ್ದರೆ, ಸುಲಭವಾಗಿ ಸಿಗದ ಆ ರಕ್ತವನ್ನು ಹಗಲಿನಲ್ಲೇ ಹೊಂದಿಸಿಕೊಳ್ಳಬಹುದಿತ್ತು.

ಇನ್ನೊಂದು ಮಾತು. ಬಾಣಂತನದ ಖರ್ಚು ತವರಿನದು, ಆದರೆ ಅದು ಹೇಗಾಯಿತು ಎಂದು ತೂಗಿ ನೋಡುವವರು ಬೀಗರು. "ಮಗಳನ್ನ ಸರಕಾರಿ ದವಾಖಾನ್ಯಾಗ ಹಾಕಿದ್ರು" ಎಂಬ ಮಾತು ಬರಬಾರದೆಂದು ಸಾಲ ಮಾಡಿ ಖಾಸಗಿಗೆ ಒಯ್ದವರನ್ನು ಬಲ್ಲೆ. ಖಾಸಗಿಯಲ್ಲಿ ತೋರಿಸಲೇಬೇಕಿದ್ದ ಮಗಳನ್ನು ಖರ್ಚಿಗೆ ಹೆದರಿ ಮನೆಯಲ್ಲೇ ಕೂರಿಸಿದವರನ್ನೂ ಬಲ್ಲೆ. ಎರಡೂ ಕಡೆ ದವಾಖಾನೆ ಆರಿಸಿದ್ದು ಮರ್ಯಾದೆ ಮತ್ತು ರೊಕ್ಕ. ಹುಡುಗಿಯ ದೇಹದ ಸ್ಥಿತಿಯನ್ನು ಯಾರೂ ಕೇಳಲಿಲ್ಲ, ಹುಡುಗಿಯನ್ನಂತೂ ಕೇಳಲೇ ಇಲ್ಲ.

ನಮ್ಮ ಸುತ್ತ ಏನಿದೆ

ಹೆಬ್ಬಳ್ಳಿಯ ಭಾಗ್ಯ ನೋಡಿ. ಹಾದಿ ಹಿಡಿದರೆ ಹತ್ತು-ಹನ್ನೆರಡು ಕಿಲೋಮೀಟರಿಗೆ ಧಾರವಾಡ. ಅಲ್ಲಿ ಈ ಊರಿನದೇ ಹೆಸರಿನ ಹೆಬ್ಬಳ್ಳಿ ಅಗಸಿ ಇದೆ. ರಾಜ್ಯದ ಎಷ್ಟೋ ಹಳ್ಳಿಗಳಿಗೆ ಇಲ್ಲದ ಆಯ್ಕೆ ನಿಮಗಿದೆ. ಊರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ. ಧಾರವಾಡದಲ್ಲಿ, ಹಿರಿಯರು ಇನ್ನೂ ಸಿವಿಲ್ ಆಸ್ಪತ್ರೆ ಎಂದೇ ಕರೆಯುವ ಜಿಲ್ಲಾ ಆಸ್ಪತ್ರೆ. ಧಾರವಾಡ-ಹುಬ್ಬಳ್ಳಿ ನಡುವೆ ಸತ್ತೂರಿನಲ್ಲಿ ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹುಬ್ಬಳ್ಳಿಯಲ್ಲಿ ಮಹಾನಗರ ಪಾಲಿಕೆಯ ಚಿಟಗುಪ್ಪಿ ಆಸ್ಪತ್ರೆ. ವಿದ್ಯಾನಗರದಲ್ಲಿ ನಾವೆಲ್ಲ ಕಿಮ್ಸ್ ಎನ್ನುವ, 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜ್ ಎಂದು ಶುರುವಾದ ದೊಡ್ಡಾಸ್ಪತ್ರೆ. ಇವುಗಳ ನಡುವೆ ಎರಡೂ ಊರುಗಳಲ್ಲಿ ಖಾಸಗಿ ನರ್ಸಿಂಗ್ ಹೋಮ್‌ಗಳು.

ಇವೆಲ್ಲ ಒಂದೇ ಕೆಲಸ ಮಾಡುವ ಬೇರೆ ಬೇರೆ ಅಂಗಡಿಗಳಲ್ಲ. ಪ್ರತಿಯೊಂದಕ್ಕೂ ಒಂದು ಹಂತವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಹಜ ಹೆರಿಗೆ ಆಗಬಹುದು, ಆಪರೇಷನ್ ಆಗುವುದಿಲ್ಲ. ಅದರ ಮೇಲಿನ ಹಂತದಲ್ಲಿ ಸಿಸೇರಿಯನ್ ಮಾಡುವ ಡಾಕ್ಟರು, ಅರಿವಳಿಕೆ ಕೊಡುವ ಡಾಕ್ಟರು, ರಕ್ತ, ಮಗುವನ್ನು ನೋಡುವ ಡಾಕ್ಟರು ಎಲ್ಲರೂ ಇರಬೇಕು. ಇದರಲ್ಲಿ ಒಬ್ಬರು ಇಲ್ಲದಿದ್ದರೂ ಉಳಿದವರ ಕೈ ಕಟ್ಟಿಹಾಕಿದಂತೆ. ಎಲ್ಲಕ್ಕೂ ಮೇಲೆ ಕಿಮ್ಸ್‌ನಂಥ ಕಾಲೇಜು ಆಸ್ಪತ್ರೆ. ಗದಗ, ಹಾವೇರಿ, ಉತ್ತರ ಕನ್ನಡ, ಬಾಗಲಕೋಟೆ, ಕೊಪ್ಪಳದಿಂದಲೂ ಬೇರೆಡೆ ಕೈಬಿಟ್ಟ ಕಷ್ಟದ ಹೆರಿಗೆಗಳು ಅಲ್ಲಿಗೇ ಬರುತ್ತವೆ. ಅದಕ್ಕೇ ಅಲ್ಲಿ ಹಗಲು ರಾತ್ರಿ ಡಾಕ್ಟರಿರುತ್ತಾರೆ, ಅದಕ್ಕೇ ಅಲ್ಲಿ ನೂಕುನುಗ್ಗಲೂ ಇರುತ್ತದೆ. ಇದನ್ನು ತಿಳಿದುಕೊಂಡರೆ "ಅಲ್ಲಿ ಸಾವು ಭಾಳ ಆಗ್ತಾವ" ಎಂಬ ಮಾತನ್ನು ಹೇಗೆ ಕೇಳಬೇಕು ಎಂಬುದೂ ತಿಳಿಯುತ್ತದೆ. ಅತಿ ಕಷ್ಟದವರು ಎಲ್ಲಿಗೆ ಬರುತ್ತಾರೋ ಅಲ್ಲಿ ಸಾವೂ ಹೆಚ್ಚು ಕಾಣುತ್ತದೆ. ಅಷ್ಟರಿಂದಲೇ ಅದು ಕೆಟ್ಟ ಆಸ್ಪತ್ರೆಯಾಗುವುದಿಲ್ಲ.

ಹಾಗಾದರೆ ಯಾರು ಎಲ್ಲಿಗೆ? ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದವರು, ಬಿ.ಪಿ. ಏರಿದವರು, ಸಕ್ಕರೆ ಇರುವವರು, ಅವಳಿ ಮಕ್ಕಳಿರುವವರು, ಮಗು ಅಡ್ಡ ಅಥವಾ ಕಾಲು ಕೆಳಗಾಗಿ ಇರುವವರು, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕುಳಿತವರು, ಹಿಂದಿನ ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದವರು: ಇವರಿಗೆ ಆಪರೇಷನ್, ರಕ್ತ, ಮಗುವಿನ ಘಟಕ ಮೂರೂ ಇರುವ ಜಾಗವೇ ಬೇಕು. ನೇರವಾಗಿ ಅಲ್ಲಿಗೇ ಹೋಗಬೇಕು. ಇವರನ್ನು ಸಣ್ಣ ದವಾಖಾನೆಗೆ ಒಯ್ದು, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆಸುವುದು ಎಲ್ಲಕ್ಕಿಂತ ಅಪಾಯದ ಹಾದಿ.

ಇಂಥ ಯಾವ ತೊಂದರೆಯೂ ಇಲ್ಲದ ಗರ್ಭಿಣಿಗೆ ಹತ್ತಿರದ ಚಿಕ್ಕ ಕೇಂದ್ರವೂ ಸಾಕು. ಆದರೆ ಅಲ್ಲಿ ರಾತ್ರಿಯೂ ನರ್ಸ್ ಇರಬೇಕು, ಹೆರಿಗೆ ಮಾಡಿಸುವ ರೂಢಿ ಇರಬೇಕು, ತೊಂದರೆ ಬಂದರೆ ಮೊದಲ ಔಷಧ ಕೊಟ್ಟು ತಡಮಾಡದೆ ಮುಂದೆ ಕಳಿಸುವ ವ್ಯವಸ್ಥೆ ಇರಬೇಕು. ಏಕೆಂದರೆ ಇವಳಿಗೆ ಏನೂ ಆಗುವುದಿಲ್ಲ ಎಂದು ಮೊದಲೇ ಹೇಳುವ ಪರೀಕ್ಷೆ ಜಗತ್ತಿನಲ್ಲಿ ಯಾವುದೂ ಇಲ್ಲ. ಒಂಬತ್ತು ತಿಂಗಳು ನೆಟ್ಟಗಿದ್ದವಳಿಗೂ ಹತ್ತು ನಿಮಿಷದಲ್ಲಿ ಕಷ್ಟ ಬರಬಹುದು.

ಎರಡು ತಾಸಿನ ಲೆಕ್ಕ

ಆ ಕಷ್ಟ ಎಷ್ಟು ಹೊತ್ತು ಕೊಡುತ್ತದೆ? ತಾಯಂದಿರ ಸಾವಿನ ಬಗ್ಗೆ ಬಹುಕಾಲ ಕೆಲಸ ಮಾಡಿದ ಡೆಬೋರಾ ಮೇನ್ ಎಂಬ ವಿದ್ವಾಂಸೆ ಒಂದು ಲೆಕ್ಕ ಕೊಟ್ಟಿದ್ದಾರೆ. ಚಿಕಿತ್ಸೆ ಸಿಗದಿದ್ದರೆ, ಹೆರಿಗೆಯ ನಂತರದ ರಕ್ತಸ್ರಾವ ಸರಾಸರಿ 2 ತಾಸಿನಲ್ಲಿ ಜೀವ ತೆಗೆಯುತ್ತದೆ. ಹೆರಿಗೆಗೆ ಮೊದಲಿನ ರಕ್ತಸ್ರಾವ 12 ತಾಸು ಕೊಡುತ್ತದೆ. ಬಿ.ಪಿ. ಏರಿ ಬರುವ ಫಿಟ್ಸ್ ಎರಡು ದಿನ, ಮಗು ಅಡ್ಡಬಿದ್ದು ನಿಂತ ಹೆರಿಗೆ ಮೂರು ದಿನ, ನಂಜು ಆರು ದಿನ. ಎಲ್ಲಕ್ಕಿಂತ ಕಡಿಮೆ ಸಮಯ ಕೊಡುವುದು ಮಗು ಹುಟ್ಟಿದ ಮೇಲಿನ ರಕ್ತಸ್ರಾವ. "ಹಡದಾಳ, ಇನ್ನೇನು ಮುಗೀತು" ಎಂದು ಮನೆಯವರು ಪೇಡೆ ತರಲು ಹೊರಡುವ ಹೊತ್ತು ಅದು.

ಇದೇ ಮೇನ್ ಮತ್ತು ಸೆರೀನ್ ಥಡೇಯಸ್ 1994ರಲ್ಲಿ ಮೂರು ತಡಗಳ ಮಾತು ಹೇಳಿದರು. ದವಾಖಾನೆಗೆ ಹೋಗೋಣ ಎಂದು ನಿರ್ಧರಿಸುವುದರಲ್ಲಿ ತಡ, ಹಾದಿಯಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಮೊದಲಿನ ಎರಡು ನಮ್ಮ ಊರಿನಲ್ಲಿ ಬಹಳಷ್ಟು ಕಡಿಮೆಯಾಗಿವೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾಯಿತು. ಆಶಾ ಕಾರ್ಯಕರ್ತೆಯರು ಬಂದರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. 2004-06ರಲ್ಲಿ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು, 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ದೊಡ್ಡ ಸಾಧನೆ. ಆದರೆ ಅದೇ ಹೊತ್ತಿಗೆ ತಮಿಳುನಾಡಿನದು 54, ಕೇರಳದ್ದು 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಬಹುತೇಕ ಎಲ್ಲರೂ ಆಸ್ಪತ್ರೆಗೆ ಹೋಗುತ್ತಿದ್ದಾರೆ, ಆದರೂ ನಾವು ಹಿಂದಿದ್ದೇವೆ. ಇದರ ಅರ್ಥ ಸ್ಪಷ್ಟ: ಈಗ ಗೆಲ್ಲಬೇಕಾದದ್ದು ಮೂರನೆಯ ತಡವನ್ನು, ಆಸ್ಪತ್ರೆಯ ಬಾಗಿಲೊಳಗಿನ ತಡವನ್ನು. ಯಾವ ಆಸ್ಪತ್ರೆ ಎಂಬ ಪ್ರಶ್ನೆಗೆ ಇಷ್ಟು ತೂಕ ಬಂದಿರುವುದು ಇದರಿಂದಲೇ.

ಒಳಗಿನ ತಡ ಹೇಗಿರುತ್ತದೆ, ಹೇಗೆ ತಡೆಯಬಹುದು ಎಂಬುದಕ್ಕೆ ನಮ್ಮ ಪಕ್ಕದ ಬೆಳಗಾವಿಯ ಒಂದು ಕೆಲಸ ಹೇಳುತ್ತೇನೆ. ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಎಂದು ನಾವು ಕಣ್ಣಳತೆಯಲ್ಲೇ ಹೇಳುತ್ತಿದ್ದೆವು. ಬಟ್ಟೆ ತೊಯ್ದಿದೆ, ಹಾಸಿಗೆ ತೊಯ್ದಿದೆ, ಇಷ್ಟಿರಬಹುದು ಎಂದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ ಒಂದು ಪ್ಲಾಸ್ಟಿಕ್ ಹಾಸು ತಯಾರಿಸಿದರು. ಮಗು ಹುಟ್ಟಿದ ಕೂಡಲೇ ಅದನ್ನು ತಾಯಿಯ ಸೊಂಟದ ಕೆಳಗೆ ಹಾಸಿ ಹೊಟ್ಟೆಯ ಸುತ್ತ ಕಟ್ಟುತ್ತಾರೆ. ಅದರ ತುದಿ ಆಲಿಕೆಯ ಹಾಗೆ ಕಿರಿದಾಗಿ ಚೀಲದಂತೆ ಮಂಚದ ಕೆಳಗೆ ಇಳಿಬಿದ್ದಿರುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಬಂದು ಅದರಲ್ಲಿ ನಿಂತಾಗ ಯಾರು ಬೇಕಾದರೂ ಓದಬಹುದು. ಅದರ ಜೊತೆ ಕಣ್ಣಳತೆಯನ್ನು ಹೋಲಿಸಿ ನೋಡಿದಾಗ, ಕಣ್ಣು ಸುಮಾರು ಮೂರನೆಯ ಒಂದು ಪಾಲು ರಕ್ತವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅನುಭವ ಇದ್ದವರ ಕಣ್ಣೂ ಹಾಗೆಯೇ.

ಆ ಹಾಸನ್ನು ಬಳಸಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಣ್ಣುಮಕ್ಕಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಳ್ಳಿಯ ಎ.ಎನ್.ಎಂ.ಗಳೇ ಹೆರಿಗೆ ಮಾಡಿಸಿ, ಮಗು ಹುಟ್ಟಿದ ಕೂಡಲೇ ಒಂದು ಗುಂಪಿನವರಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಿದ್ದರು. ಮಾತ್ರೆ ಸಿಗದವರಲ್ಲಿ 100ಕ್ಕೆ 12 ಮಂದಿಗೆ ಹೆಚ್ಚಿನ ರಕ್ತಸ್ರಾವವಾದರೆ, ಸಿಕ್ಕವರಲ್ಲಿ ಅದು 6.4ಕ್ಕೆ ಇಳಿಯಿತು. ಇಂಥದೇ ಅಳತೆಯ ಹಾಸು ಹಾಕಿ, ರಕ್ತ ಮಿತಿ ಮೀರಿತು ಎಂದು ಕಂಡ ಕೂಡಲೇ ಗರ್ಭಕೋಶ ನೀವುವುದು, ಇಂಜೆಕ್ಷನ್, ಸಲೈನ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೊಂದು ಕಾಯದೆ ಒಟ್ಟಿಗೇ ಮಾಡುವ ಪದ್ಧತಿಯನ್ನು ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. 2023ರಲ್ಲಿ ಫಲಿತಾಂಶ ಬಂತು. ಹಳೆಯ ಪದ್ಧತಿಯಲ್ಲಿ 100ಕ್ಕೆ 4.3 ಇದ್ದ ಗಂಭೀರ ಸ್ಥಿತಿ ಹೊಸದರಲ್ಲಿ 1.6 ಆಯಿತು. ಅಲ್ಲಿ ಕಟ್ಟಡ ಬದಲಾಗಲಿಲ್ಲ, ದೊಡ್ಡ ಯಂತ್ರ ಬರಲಿಲ್ಲ. ಅಳೆಯುವುದನ್ನು ಕಲಿತರು, ಕಂಡ ಕೂಡಲೇ ಕೈಹಾಕುವುದನ್ನು ಕಲಿತರು. ಒಳ್ಳೆಯ ಹೆರಿಗೆ ಆಸ್ಪತ್ರೆಯ ಗುರುತು ಇದು. ಗ್ರಾನೈಟ್ ನೆಲ, ಎ.ಸಿ. ರೂಮು ಅಲ್ಲ.

ಏನು ಕೇಳಬೇಕು

ಎತ್ತು ಕೊಳ್ಳುವಾಗ ನಾವು ಬಣ್ಣ ನೋಡಿ ರೊಕ್ಕ ಎಣಿಸುವುದಿಲ್ಲ. ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ, ನೊಗ ಹೂಡಿ ನೋಡುತ್ತೇವೆ. ಮಗಳನ್ನು ಒಪ್ಪಿಸುವ ಜಾಗದಲ್ಲಿ ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನಮಗಿದೆ. ಎಂಟನೆಯ ತಿಂಗಳು ಕಾಲಿಡುವ ಮೊದಲು ಒಂದು ಸಲ ಹೋಗಿ ಇಷ್ಟು ಕೇಳಿಕೊಂಡು ಬನ್ನಿ.

ರಾತ್ರಿ ಎರಡು ಗಂಟೆಗೆ ಬಂದರೆ ಒಳಗೆ ಯಾರಿರುತ್ತಾರೆ? ಡಾಕ್ಟರು ಕಟ್ಟಡದಲ್ಲಿ ಇರುತ್ತಾರೋ, ಫೋನ್ ಮಾಡಿದ ಮೇಲೆ ಮನೆಯಿಂದ ಬರುತ್ತಾರೋ? ಬರುವುದಾದರೆ ಎಷ್ಟು ಹೊತ್ತು?

ಆಪರೇಷನ್ ಬೇಕಾದರೆ ಇಲ್ಲೇ ಆಗುತ್ತದೆಯೇ? ಅರಿವಳಿಕೆ ಡಾಕ್ಟರು ಖಾಯಂ ಇದ್ದಾರೆಯೇ, ಬೇರೆ ದವಾಖಾನೆಯಿಂದ ಕರೆಸುತ್ತೀರಾ?

ರಕ್ತ ಎಲ್ಲಿಂದ ಬರುತ್ತದೆ? ನಮ್ಮ ಮನೆಯವರು ಓಡಾಡಿ ತರಬೇಕೇ, ನೀವೇ ತರಿಸುತ್ತೀರಾ?

ಮಗು ಅಳದಿದ್ದರೆ? ಉಸಿರು ಹಿಡಿಯದ ಮಗುವಿಗೆ ಮೊದಲ ಒಂದು ನಿಮಿಷ ಬಹಳ ಮುಖ್ಯ. ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಲು ಬಲ್ಲವರು ಹೆರಿಗೆ ಕೋಣೆಯಲ್ಲೇ ಇರಬೇಕು. ಮಗುವನ್ನು ಐ.ಸಿ.ಯು.ಗೆ ಹಾಕಬೇಕಾದರೆ ಇಲ್ಲಿಯೋ, ಬೇರೆ ಕಡೆಯೋ? ತಾಯಿ ಇಲ್ಲಿ, ಮಗು ಇನ್ನೊಂದು ಊರಿನಲ್ಲಿ ಆಗುವ ಸಂಕಟ ಸಣ್ಣದಲ್ಲ.

ನಿಮ್ಮ ಕೈ ಮೀರಿದರೆ ಎಲ್ಲಿಗೆ ಕಳಿಸುತ್ತೀರಿ? ಮೊದಲೇ ಫೋನ್ ಮಾಡಿ, ಚೀಟಿ ಬರೆದು, ಜೊತೆಗೆ ಒಬ್ಬ ನರ್ಸನ್ನು ಕೊಟ್ಟು ಕಳಿಸುತ್ತೀರಾ?

ಹೆರಿಗೆ ಕೋಣೆಯಲ್ಲಿ ಅವಳ ಜೊತೆ ತಾಯಿಯೋ ಅಕ್ಕನೋ ಇರಬಹುದೇ? ಹೆರಿಗೆಯ ಹೊತ್ತಿನಲ್ಲಿ ತನ್ನವರೊಬ್ಬರು ಪಕ್ಕದಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, 2017ರಲ್ಲಿ ಶುರುವಾದ ಕೇಂದ್ರ ಸರಕಾರದ 'ಲಕ್ಷ್ಯ' ಕಾರ್ಯಕ್ರಮವೂ ಹೇಳುತ್ತದೆ.

ಈ ಪ್ರಶ್ನೆಗಳಿಗೆ ಸಿಟ್ಟಾಗದೆ, ನಿಂತು ಉತ್ತರ ಕೊಡುವ ಆಸ್ಪತ್ರೆಯ ಮೇಲೆ ಅರ್ಧ ನಂಬಿಕೆ ಇಡಬಹುದು. "ಈ ಕೆಲಸ ನಮ್ಮಲ್ಲಿ ಆಗೂದಿಲ್ಲ, ನೀವು ಇಂಥಲ್ಲಿ ತೋರಸ್ರಿ" ಎಂದು ನೇರವಾಗಿ ಹೇಳುವ ಡಾಕ್ಟರ ಮೇಲೆ ಪೂರ್ತಿ ನಂಬಿಕೆ ಇಡಬಹುದು. ತನ್ನ ಮಿತಿ ತಿಳಿದು ಹೇಳುವವರೇ ಹೆಚ್ಚು ಜೀವ ಉಳಿಸಿದ್ದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ.

ಸಿಸೇರಿಯನ್ನಿನ ಮಾತು

"ಪ್ರೈವೇಟಿಗೆ ಹೋದ್ರ ಹೊಟ್ಟಿ ಕೊಯ್ತಾರ, ಸರಕಾರಿಗೆ ಹೋದ್ರ ನೋಡೂದಿಲ್ಲ" ಎಂಬ ಮಾತು ನಮ್ಮ ಕಟ್ಟೆಗಳ ಮೇಲೆ ಗಾದೆಯಾಗಿಬಿಟ್ಟಿದೆ. ಅಂಕಿ ಏನು ಹೇಳುತ್ತದೆ ನೋಡೋಣ. ಕರ್ನಾಟಕದಲ್ಲಿ 2015-16ರಲ್ಲಿ 100ಕ್ಕೆ 23.6 ಇದ್ದ ಸಿಸೇರಿಯನ್ ಹೆರಿಗೆ, 2019-21ರ ಸಮೀಕ್ಷೆಯಲ್ಲಿ 31.5 ಆಗಿದೆ. ದೇಶದ ಲೆಕ್ಕದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ 14.3, ಖಾಸಗಿಯಲ್ಲಿ 47.4. ಒಂದು ಜನಸಮುದಾಯದಲ್ಲಿ ಈ ಪ್ರಮಾಣ 100ಕ್ಕೆ 10 ದಾಟಿದ ಮೇಲೆ ತಾಯಿ-ಮಗುವಿನ ಸಾವು ಇನ್ನಷ್ಟು ಇಳಿಯುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಹಾಗಾದರೆ ಬೇಡದ ಆಪರೇಷನ್ ಆಗುತ್ತಿವೆ ಎಂಬುದು ನಿಜ. ಅದಕ್ಕೆ ಕಾರಣ ರೊಕ್ಕ ಒಂದೇ ಅಲ್ಲ. ಒಬ್ಬರೇ ಡಾಕ್ಟರಿರುವ ಕಡೆ ರಾತ್ರಿಯೆಲ್ಲ ಕಾಯುವ ಶಕ್ತಿ ಇರುವುದಿಲ್ಲ. ನೋವು ತಡೆಯಲಾರದೆ ಹುಡುಗಿಯೇ ಕೇಳುತ್ತಾಳೆ. ಮುಹೂರ್ತ ನೋಡಿಸಿಕೊಂಡು ಬರುವ ಮನೆಯವರೂ ಇದ್ದಾರೆ. ಒಮ್ಮೆ ಆದ ಸಿಸೇರಿಯನ್ನಿನ ಗಾಯ ಮುಂದಿನ ಬಸುರಿನಲ್ಲಿ ಮಾಸು ಅಂಟಿಕೊಳ್ಳುವಂಥ ತೊಂದರೆ ತರಬಹುದು ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಆದರೆ ಈ ಅಂಕಿ ಹಿಡಿದು ಬೇಕಾದ ಆಪರೇಷನ್ನನ್ನು ತಡೆದರೆ ಅದು ಇನ್ನೂ ದೊಡ್ಡ ಅನಾಹುತ. ಮಗುವಿನ ಎದೆಬಡಿತ ಇಳಿಯುತ್ತಿರುವಾಗ "ಇನ್ನೊಂದು ತಾಸು ನೋಡೂಣು, ನಾರ್ಮಲ್ ಆಗ್ತೈತಿ" ಎಂದು ಸಹಿ ಹಾಕದೆ ಕೂತ ಮನೆಯವರಿಂದ ಮಕ್ಕಳು ಹೋಗಿದ್ದಾವೆ. ಕೇಳಬೇಕಾದದ್ದು ಎರಡೇ ಮಾತು: "ಯಾಕ ಬೇಕು? ಕಾದ್ರ ಏನಾಗ್ತೈತಿ?" ತುರ್ತು ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ತುರ್ತು ಎಂದರೆ ಕೂಡಲೇ ಸಹಿ ಹಾಕಿ.

ಆಪರೇಷನ್ ಎಂದ ಮೇಲೆ 2024ರ ನವೆಂಬರಿನ ಬಳ್ಳಾರಿಯನ್ನು ಮರೆಯಲಾಗದು. ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಹೋದರು. ಅವರಿಗೆ ಕೊಟ್ಟ ಸಲೈನಿನ ಮೇಲೆ ಸಂಶಯ ಬಂದು ರಾಜ್ಯ ಸರಕಾರ ಅದರ ಬಳಕೆ ನಿಲ್ಲಿಸಿತು. ಆ ಸುದ್ದಿಯ ನಂತರ ಈ ಭಾಗದ ಗರ್ಭಿಣಿಯರೂ ಹೆದರಿದರು. ಹೆದರಿಕೆ ಸಹಜ. ಆದರೆ ಅದರಿಂದ ಕಲಿಯಬೇಕಾದ ಪಾಠ ಸರಕಾರಿ ಆಸ್ಪತ್ರೆ ಬಿಟ್ಟು ಓಡುವುದಲ್ಲ. ಬಡವರ ಮಗಳಿಗೆ ಕೊಡುವ ಔಷಧದ ಗುಣಮಟ್ಟ ಪರೀಕ್ಷೆಯಾಗಿರಬೇಕು, ಒಬ್ಬ ತಾಯಿ ಸತ್ತರೂ ಅದರ ಕಾರಣ ಹೊರಗೆ ಬರಬೇಕು ಎಂದು ಊರೂರಿನಿಂದ ಕೇಳಬೇಕು.

ರೊಕ್ಕ ಮತ್ತು ಹಕ್ಕು

2011ರ ಜೂನ್ 1ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯೂ ಸಿಸೇರಿಯನ್ನೂ ಉಚಿತ. ಔಷಧ, ಪರೀಕ್ಷೆ, ರಕ್ತ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟ ಉಚಿತ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಮತ್ತೆ ಮನೆಗೆ ಬರುವ ವಾಹನವೂ ಉಚಿತ. ಬಾಣಂತಿಯನ್ನು ಮನೆಗೆ ಬಿಡುವ 'ನಗು-ಮಗು' ಗಾಡಿ ಅದಕ್ಕೇ ಇದೆ. ಇದು ಯಾರೂ ಮಾಡುವ ಉಪಕಾರ ಅಲ್ಲ, ನಿಮ್ಮ ಹಕ್ಕು. ಮಗು ಗಂಡೋ ಹೆಣ್ಣೋ ಎಂದು ಹೇಳಿ ಕೈ ಚಾಚುವವರಿಗೆ ಕೊಡಬೇಕಾದದ್ದು ಏನೂ ಇಲ್ಲ. ಕೇಳಿದರೆ ಮೇಲಿನವರಿಗೆ ದೂರು ಕೊಡಿ.

ಖಾಸಗಿಗೆ ಹೋಗುವವರೂ ತಮ್ಮ ಹಕ್ಕು ತಿಳಿದಿರಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಆಸ್ಪತ್ರೆ ನೋಂದಣಿಯಾಗಿರಬೇಕು, ದರಪಟ್ಟಿ ಕಾಣುವಂತೆ ಹಾಕಿರಬೇಕು. ಸಹಜ ಹೆರಿಗೆಗೆ ಎಷ್ಟು, ಸಿಸೇರಿಯನ್ ಆದರೆ ಎಷ್ಟು, ಮಗು ಐ.ಸಿ.ಯು.ನಲ್ಲಿದ್ದರೆ ದಿನಕ್ಕೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಮೂರನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ, ಹೊಲ ಅಡವಿಡುವ ಪಾಳಿ ಬರುವುದು ಅದರಿಂದಲೇ.

ಹೆಣ್ಣುಮಕ್ಕಳು ಹೇಳುವುದನ್ನು ಕೇಳಿ

ಆಸ್ಪತ್ರೆಗಳ ನಡುವೆ ಆರಿಸುವ ವಿಚಾರದಲ್ಲಿ ಒಂದು ಹಳೆಯ ಕಥೆ ಇದೆ. 1840ರ ದಶಕದಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನ್ನು ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು ನಡೆಸುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ಒಂದೊಂದು ದಿನ ಒಂದೊಂದರಲ್ಲಿ ಸೇರಿಸಿಕೊಳ್ಳುತ್ತಿದ್ದರು. ಡಾಕ್ಟರುಗಳ ವಿಭಾಗಕ್ಕೆ ಹಾಕಬೇಡಿ ಎಂದು ಬಡ ಹೆಂಗಸರು ಮೊಣಕಾಲೂರಿ ಬೇಡುತ್ತಿದ್ದರು. ಬೀದಿಯಲ್ಲೇ ಹೆತ್ತು ಬಂದವರೂ ಇದ್ದರು. ಅದನ್ನು ಹೆಂಗಸರ ಮೂಢನಂಬಿಕೆ ಎಂದು ತಳ್ಳಿಹಾಕಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಲೆಕ್ಕ ತೆಗೆದಾಗ, ಡಾಕ್ಟರುಗಳ ವಿಭಾಗದಲ್ಲಿ ಬಾಣಂತಿ ನಂಜಿನ ಸಾವು 100ಕ್ಕೆ ಹತ್ತರ ಆಸುಪಾಸು, ಸೂಲಗಿತ್ತಿಯರ ವಿಭಾಗದಲ್ಲಿ ನಾಲ್ಕರೊಳಗೆ ಇತ್ತು. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದುದು ಕಾರಣ. 1847ರಲ್ಲಿ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ಮಾಡಿದ ಮೇಲೆ ಅಲ್ಲಿಯ ಸಾವು ಇನ್ನೊಂದು ವಿಭಾಗದ ಮಟ್ಟಕ್ಕೆ ಇಳಿಯಿತು. ಡಾಕ್ಟರುಗಳು ಒಪ್ಪುವ ಮೊದಲೇ ಬಸುರಿಯರಿಗೆ ಸತ್ಯ ಗೊತ್ತಿತ್ತು.

ನಮ್ಮ ಸೂಲಗಿತ್ತಿಯರನ್ನೂ ಇಲ್ಲಿ ನೆನೆಯಬೇಕು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದವರು. ರಕ್ತಸ್ರಾವವೋ ಫಿಟ್ಸೋ ಬಂದರೆ ಮನೆಯಲ್ಲಿ ಯಾರ ಕೈಯಲ್ಲೂ ಉಪಾಯವಿಲ್ಲ, ಆದ್ದರಿಂದ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಆದರೆ ಬ್ಯಾನಿ ತಿನ್ನುವವಳ ಬೆನ್ನು ನೀವಿ, ಹೆಸರು ಹಿಡಿದು ಕರೆದು, ಧೈರ್ಯ ಹೇಳುವ ಅವರ ಗುಣ ಆಸ್ಪತ್ರೆಯ ಒಳಗೂ ಬರಬೇಕು. ಬೈಯುವುದು, ತೊಡೆಗೆ ಹೊಡೆಯುವುದು, ಪರದೆ ಇಲ್ಲದೆ ಪರೀಕ್ಷಿಸುವುದು ಯಾವ ಚಿಕಿತ್ಸೆಯೂ ಅಲ್ಲ. ಕೆಲಸದ ಒತ್ತಡ ಎಷ್ಟಿದ್ದರೂ ಅದಕ್ಕೆ ಕ್ಷಮೆ ಇಲ್ಲ. ನನ್ನ ವೃತ್ತಿಯ ಕಿರಿಯರಿಗೆ ಈ ವೇದಿಕೆಯಿಂದಲೂ ಇದನ್ನೇ ಹೇಳುತ್ತೇನೆ.

ಆದ್ದರಿಂದ ಹೋದ ವರ್ಷ ಹೆತ್ತ ಹೆಣ್ಣುಮಕ್ಕಳನ್ನು ಕೇಳಿ. "ಚಲೋ ಐತೇನು?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಹೋದ ಮೇಲೆ ಎಷ್ಟು ಹೊತ್ತಿಗೆ ನೋಡಿದರು, ರಾತ್ರಿ ಯಾರಿದ್ದರು, ಹೆತ್ತ ಮೇಲೆ ಎಷ್ಟು ಸಲ ಬಂದು ರಕ್ತ ನೋಡಿದರು, ಏನು ಮಾಡುತ್ತೇವೆಂದು ತಿಳಿಸಿ ಹೇಳಿದರೇ ಎಂದು ಕೇಳಿ. ಊರಿನ ಹತ್ತು ಬಾಣಂತಿಯರು ಕೊಡುವ ಇಂಥ ಉತ್ತರ ಯಾವ ಜಾಹೀರಾತಿಗಿಂತಲೂ ಮೇಲು.

ಊರು ಮಾಡಬೇಕಾದದ್ದು

ಇಷ್ಟೆಲ್ಲ ಭಾರವನ್ನು ಒಂದು ಮನೆಯ ಮೇಲೆ ಹಾಕಿ ಊರು ಕೈ ತೊಳೆದುಕೊಳ್ಳಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಊರಿಗೆ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಇರುತ್ತದೆ. ರಾತ್ರಿ ಪಾಳಿಗೆ ನರ್ಸ್ ಇದ್ದಾರೆಯೇ, ರಕ್ತ ನಿಲ್ಲಿಸುವ ಇಂಜೆಕ್ಷನ್ ಫ್ರಿಜ್ಜಿನಲ್ಲಿದೆಯೇ, ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇದೆಯೇ ಎಂದು ಆ ಸಭೆಗಳಲ್ಲಿ ಕೇಳಿ. ಪ್ರತಿ ತಿಂಗಳು 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಆ ದಿನ ಬಿತ್ತಿಗೆ, ಕಳೆಗೆ ರಜೆ ಕೊಟ್ಟು ಸೊಸೆಯನ್ನು ಕಳಿಸಿ. ಊರಿನ ಯುವಕ ಸಂಘದವರು ರಕ್ತ ಕೊಡುವವರ ಹೆಸರು ಮತ್ತು ಗುಂಪು ಬರೆದಿಡಿ. ರಾತ್ರಿ ಗಾಡಿ ತೆಗೆಯಲು ಒಪ್ಪುವವರ ಹೆಸರನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೊಡಿ. 108 ಬರುವುದು ತಡವಾದರೆ ಅದು ಉಪಯೋಗಕ್ಕೆ ಬರುತ್ತದೆ.

ಹೆತ್ತ ಮೇಲೆ ಎರಡು ದಿನವಾದರೂ ಆಸ್ಪತ್ರೆಯಲ್ಲೇ ಇರಲಿ. "ಮನ್ಯಾಗ ಬೆಚ್ಚಗ ಇಡ್ತೀವಿ" ಎಂದು ಆರು ತಾಸಿಗೇ ಎಬ್ಬಿಸಿಕೊಂಡು ಬರಬೇಡಿ. ತಲೆನೋವು, ಕಣ್ಣು ಮಂಜು, ಜ್ವರ, ರಕ್ತ ಹೆಚ್ಚುವುದು ಇವುಗಳಲ್ಲಿ ಯಾವುದು ಕಂಡರೂ ಬಾಣಂತಿ ಕೋಣೆಯ ಬಾಗಿಲು ತೆರೆದು ಮತ್ತೆ ದವಾಖಾನೆಗೆ ಒಯ್ಯಿರಿ. ಮಡಿ, ಸೂತಕ, ಗಾಳಿ ಸೋಕೀತು ಎಂಬ ಭಯ ಯಾವುದೂ ಆಗ ಅಡ್ಡ ಬರಬಾರದು.

ಕಡೆಗೆ ಒಂದು ಬೇಡಿಕೆ. ಇನ್ನು ಮುಂದೆ ಹೆಬ್ಬಳ್ಳಿಯಲ್ಲಿ ಕುಬಸ ನಡೆಯುವ ದಿನ, ಉಡಿ ತುಂಬುವ ಮೊದಲು ಮಗಳನ್ನೂ ಅಳಿಯನನ್ನೂ ಎರಡೂ ಮನೆಯ ಹಿರಿಯರನ್ನೂ ಕೂಡಿಸಿಕೊಳ್ಳಿ. ತಾಯಿ ಕಾರ್ಡಿನ ಜೊತೆಗೆ ಒಂದು ಹಾಳೆ ಇಡಿ. ಹೋಗುವ ದವಾಖಾನೆ ಯಾವುದು, ಅಲ್ಲಿ ಆಗದಿದ್ದರೆ ಎರಡನೆಯದು ಯಾವುದು, ಗಾಡಿ ಯಾರದು, ರಕ್ತ ಕೊಡುವ ಇಬ್ಬರು ಯಾರು, ಮನೆಯ ಗಂಡಸರು ಊರಲ್ಲಿ ಇಲ್ಲದಿದ್ದರೆ ಹೊರಡುವ ನಿರ್ಧಾರ ಯಾರದು ಎಂದು ಬರೆಯಿರಿ. ಐದು ಸಾಲು, ಅಷ್ಟೇ. ದವಾಖಾನೆಯ ಹೆಸರು ಬರೆಯುವ ಮುಂಚೆ ಮಗಳನ್ನು ಕೇಳಿ. ಹಡೆಯುವವಳು ಅವಳು, ಮೊದಲ ಮಾತು ಅವಳದಾಗಲಿ.